ಮೂರು ಸ್ಟಾರ್ ಎಂದರೆ ‘ಇಷ್ಟವಾಯಿತು’ ಎಂದೇ ಅರ್ಥ: ಪುಸ್ತಕಗಳಿಗೆ ರೇಟಿಂಗ್ ಕೊಡುವುದನ್ನು ಕುರಿತು

ತುಂಗಾತೀರದ ಓದುಗಿ

ಹದಿನಾಲ್ಕು ವರ್ಷಗಳಿಂದ ಓದಿದ ಪುಸ್ತಕಗಳ ಬಗ್ಗೆ ಬರೆಯುತ್ತ ಬಂದಿದ್ದೇನೆ. ಮೊದಮೊದಲು ಪತ್ರಿಕೆಯೊಂದರ ಪುಸ್ತಕ ಪರಿಚಯದ ಅಂಕಣಕ್ಕೆ ಬರೆಯುತ್ತಿದ್ದಾಗ ಸ್ಟಾರ್ ಕೊಡುವ ಪ್ರಶ್ನೆಯೇ ಇರಲಿಲ್ಲ. ನಾಲ್ಕುನೂರು ಪದಗಳಲ್ಲಿ ಹೇಳಬೇಕಾದದ್ದನ್ನು ಹೇಳಿದರೆ ಕೆಲಸ ಮುಗಿಯುತ್ತಿತ್ತು. ಕೊಳ್ಳಬೇಕೋ ಬೇಡವೋ ಎಂಬುದನ್ನು ಓದುಗರೇ ನಿರ್ಧರಿಸಿಕೊಳ್ಳುತ್ತಿದ್ದರು. ಓದಿನ ಲೆಕ್ಕ ಇಟ್ಟುಕೊಳ್ಳಲೆಂದು ಗುಡ್‌ರೀಡ್ಸ್ ಎಂಬ ಓದುಗರ ಜಾಲತಾಣವನ್ನು ಬಳಸತೊಡಗಿದ ಮೇಲೆ ಪ್ರತಿ ಪುಸ್ತಕದ ಪಕ್ಕದಲ್ಲೂ ಐದು ಖಾಲಿ ಸ್ಟಾರ್‌ಗಳು ಎದುರಾದವು. ಅವನ್ನು ತುಂಬುವ ಕೆಲಸ ನಾನು ಅಂದುಕೊಂಡಷ್ಟು ಸುಲಭದ್ದಲ್ಲ ಎಂದು ತಿಳಿಯಲು ಬಹಳ ಕಾಲ ಬೇಕಾಯಿತು.

ಹೋದ ತಿಂಗಳು ಹೊಸ ಕತೆಗಾರ್ತಿಯೊಬ್ಬರ ಮೊದಲ ಸಂಕಲನಕ್ಕೆ ಮೂರು ಸ್ಟಾರ್ ಕೊಟ್ಟೆ. ಶಾಲೆಯ ಪರೀಕ್ಷೆಯ ದಿನಗಳಾದ್ದರಿಂದ ಅದರ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಎರಡೇ ದಿನಗಳಲ್ಲಿ ಪರಿಚಿತರೊಬ್ಬರು ಕರೆ ಮಾಡಿ, “ಆ ಪುಸ್ತಕ ನಿಮಗೆ ಅಷ್ಟು ಬೇಸರ ತರಿಸಿತೇ?” ಎಂದು ಕೇಳಿದರು. ನನಗೆ ಆಶ್ಚರ್ಯವಾಯಿತು, ಏಕೆಂದರೆ ಪುಸ್ತಕ ನನಗೆ ಇಷ್ಟವಾಗಿತ್ತು. ಗುಡ್‌ರೀಡ್ಸ್ ತನ್ನ ಸ್ಟಾರ್‌ಗಳಿಗೆ ಕೊಟ್ಟಿರುವ ವಿವರಣೆಯೂ ನನ್ನ ಪರವಾಗಿಯೇ ಇದೆ. ಒಂದು ಸ್ಟಾರ್‌ಗೆ ‘ಇಷ್ಟವಾಗಲಿಲ್ಲ’, ಎರಡಕ್ಕೆ ‘ಪರವಾಗಿಲ್ಲ’, ಮೂರಕ್ಕೆ ‘ಇಷ್ಟವಾಯಿತು’, ನಾಲ್ಕಕ್ಕೆ ‘ತುಂಬ ಇಷ್ಟವಾಯಿತು’, ಐದಕ್ಕೆ ‘ಅದ್ಭುತ’ ಎಂಬ ಅರ್ಥ ಅಲ್ಲಿದೆ. ಅಂದರೆ ಐದು ಮೆಟ್ಟಿಲುಗಳಲ್ಲಿ ನಿಜವಾಗಿ ನಿರಾಕರಣೆಯದು ಕೆಳಗಿನ ಒಂದು ಮೆಟ್ಟಿಲು ಮಾತ್ರ. ಆದರೆ ಆ ವಿವರಣೆಯನ್ನು ಓದುವವರು ಯಾರು? ಆಟೋ ಬಾಡಿಗೆಗೋ ಮನೆಗೆ ತರಿಸಿದ ಊಟಕ್ಕೋ ನಾಲ್ಕು ಸ್ಟಾರ್ ಕೊಟ್ಟರೂ ದೂರು ಕೊಟ್ಟಂತೆ ಎಂದು ನಾವೆಲ್ಲ ಕಲಿತುಬಿಟ್ಟಿದ್ದೇವೆ. ನಮ್ಮ ಶಾಲೆಯ ಲೆಕ್ಕದಲ್ಲಿ ಐದಕ್ಕೆ ಮೂರು ಎಂದರೆ ನೂರಕ್ಕೆ ಅರವತ್ತು, ಫಸ್ಟ್ ಕ್ಲಾಸ್. ಪುಸ್ತಕದ ಪಕ್ಕಕ್ಕೆ ಬರುವಷ್ಟರಲ್ಲಿ ಅದೇ ಮೂರು ಅವಮಾನವಾಗಿಬಿಡುತ್ತದೆ.

ನಾನು ಅನುಸರಿಸುತ್ತ ಬಂದಿರುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಇತರ ವಿಮರ್ಶಕರು, ಪ್ರಕಾಶಕರು, ಓದುಗರು ಅದನ್ನು ಹೇಗೆ ಕಾಣುತ್ತಾರೆಂದು ತಿಳಿಯುವ ಆಸೆಯಿದೆ.

ಪುಸ್ತಕ ಮುಗಿಸಿದ ರಾತ್ರಿ ಸ್ಟಾರ್ ಕೊಡುವುದಿಲ್ಲ. ಕೊನೆಯ ಅಧ್ಯಾಯದ ಬಿಸಿಯಲ್ಲಿ ಎಲ್ಲವೂ ಐದರಂತೆ ಕಾಣುತ್ತದೆ; ಕೊನೆ ಕೆಟ್ಟಿದ್ದರೆ ಮುನ್ನೂರು ಪುಟ ಕೊಟ್ಟ ಸುಖವೂ ಮರೆತುಹೋಗುತ್ತದೆ. ಒಂದು ವಾರ ಬಿಟ್ಟು, ಪುಸ್ತಕವನ್ನು ಮತ್ತೆ ತೆರೆಯದೆ, ನನಗೆ ಏನು ನೆನಪಿದೆ ಎಂಬುದನ್ನು ಮೊದಲು ಬರೆಯುತ್ತೇನೆ. ಆಮೇಲೆ ಪುಸ್ತಕ ತೆರೆದು, ಬರೆದದ್ದನ್ನು ತಾಳೆ ನೋಡುತ್ತೇನೆ. ಬರಹ ಸಿದ್ಧವಾದ ಮೇಲೆಯೇ ಸ್ಟಾರ್. ಮೊದಲೇ ಅಂಕಿ ನಿಶ್ಚಯಿಸಿಕೊಂಡರೆ ನನ್ನ ವಾಕ್ಯಗಳು ಆ ಅಂಕಿಯನ್ನು ಸಮರ್ಥಿಸಲು ಹೊರಡುತ್ತವೆ ಎಂಬುದನ್ನು ನನ್ನದೇ ಹಳೆಯ ಬರಹಗಳಲ್ಲಿ ಕಂಡಿದ್ದೇನೆ.

ಪುಸ್ತಕವನ್ನು ಅದು ಏನಾಗಲು ಹೊರಟಿತ್ತೋ ಅದರೊಡನೆ ಹೋಲಿಸುತ್ತೇನೆ. ರಾತ್ರಿ ಬಸ್ಸಿನಲ್ಲಿ ಓದಿ ಮುಗಿಸುವಂತೆ ಬರೆದ ಪತ್ತೇದಾರಿ ಕಾದಂಬರಿಯನ್ನು ಮಹಾಕಾದಂಬರಿಯ ಪಕ್ಕದಲ್ಲಿಟ್ಟು ತೂಗುವುದು ಎರಡಕ್ಕೂ ಮಾಡುವ ಅನ್ಯಾಯ. ಐದು ಸ್ಟಾರ್ ಕೊಡುವುದು ಮರು ಓದಿನಲ್ಲೂ ನಿಂತ ಪುಸ್ತಕಕ್ಕೆ ಮಾತ್ರ. ಒಂದು ಸ್ಟಾರ್ ಕೊಟ್ಟದ್ದು ತೀರ ಅಪರೂಪ; ಬರವಣಿಗೆ ಸೋತದ್ದಕ್ಕೆ ಅದನ್ನು ಕೊಡುವುದಿಲ್ಲ, ಬೇರೆಯವರ ಬರಹವನ್ನು ತನ್ನದೆಂದು ಅಚ್ಚು ಹಾಕಿಸಿದಂತಹ ಅಪ್ರಾಮಾಣಿಕತೆಗೆ ಕೊಡುತ್ತೇನೆ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ, ಹತ್ತಿರದ ಪರಿಚಯವಿರುವವರ ಪುಸ್ತಕಕ್ಕೆ, ಮಗುವನ್ನೋ ಸಂಗಾತಿಯನ್ನೋ ಕಳೆದುಕೊಂಡವರು ಬರೆದ ಆತ್ಮಕಥನಕ್ಕೆ ಸ್ಟಾರ್ ಕೊಡದೆ ಬರಹವನ್ನಷ್ಟೇ ಹಾಕುತ್ತೇನೆ.

ಉಳಿದ ಬಹುಪಾಲು ಪುಸ್ತಕಗಳು ಮೂರಕ್ಕೂ ನಾಲ್ಕಕ್ಕೂ ನಡುವೆ ಬರುತ್ತವೆ. ನನ್ನ ತೊಡಕಿರುವುದೂ ಅಲ್ಲಿಯೇ.

ಅಚ್ಚುಮೊಳೆ

ಮೇಡಂ, ತಾವು ಹೇಳಿದ ಆ ಕಥಾಸಂಕಲನ ನಮ್ಮ ಪ್ರಕಾಶನದ್ದೇ ಎಂದು ನನಗೆ ಅನ್ನಿಸುತ್ತಿದೆ. ಪುಸ್ತಕದ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ತಮ್ಮ ಮೇಲೆ ಅಸಮಾಧಾನವೂ ಇಲ್ಲ, ಏಕೆಂದರೆ ತಾವು ದುಡ್ಡು ಕೊಟ್ಟು ಕೊಂಡು ಓದಿದ್ದೀರಿ. ಆದರೂ ನಮ್ಮ ಕಡೆಯ ಮಾತನ್ನು ಹೇಳಬೇಕು.

ನಾವು ಅಂತಹ ಪುಸ್ತಕವನ್ನು ಐದುನೂರು ಪ್ರತಿ ಅಚ್ಚು ಹಾಕಿಸುತ್ತೇವೆ. ಬಿಡುಗಡೆಯ ದಿನ ನೂರು ಪ್ರತಿ ಹೋದರೆ ದೊಡ್ಡ ಸಮಾಧಾನ. ಆ ಪುಸ್ತಕಕ್ಕೆ ತಮ್ಮದು ಸೇರಿ ಒಟ್ಟು ಒಂಬತ್ತು ರೇಟಿಂಗ್ ಇವೆ. ಅಂಗಡಿಯವರು ಮರು ಆರ್ಡರ್ ಕೊಡುವ ಮೊದಲು ಫೋನಿನಲ್ಲಿ ಆ ಅಂಕಿಯನ್ನು ನೋಡುತ್ತಾರೆ, ಗ್ರಂಥಾಲಯಕ್ಕೆ ಪಟ್ಟಿ ಮಾಡುವವರೂ ಕೆಲವರು ನೋಡುತ್ತಾರೆ. ತಮ್ಮ ಮೂರರ ಹಿಂದೆ ಎಷ್ಟು ಯೋಚನೆ ಇತ್ತೆಂಬುದು ಅವರಿಗೆ ಹೇಗೆ ತಿಳಿಯಬೇಕು? ಬರಹವಿಲ್ಲದ ಸ್ಟಾರ್ ಮೌನವಾಗಿ ತಲೆಯಾಡಿಸಿ ಎದ್ದುಹೋದಂತೆ. ಒಪ್ಪಿ ತಲೆಯಾಡಿಸಿದರೋ ಒಪ್ಪದೆಯೋ ಎಂಬುದು ಕುಳಿತವರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಆನ್‌ಲೈನ್ ಮಾರಾಟದ ತಾಣಗಳಲ್ಲಿ ನಮ್ಮ ಪುಸ್ತಕಗಳಿಗೆ ಬಂದ ಒಂದು ಸ್ಟಾರ್‌ಗಳನ್ನು ಒಮ್ಮೆ ಕುಳಿತು ಓದಿದೆ. ಮೂಲೆ ಮಡಚಿದ್ದಕ್ಕೆ ಒಂದು, ಪಾರ್ಸೆಲ್ ತಡವಾದದ್ದಕ್ಕೆ ಒಂದು, ಅಕ್ಷರ ಸಣ್ಣದಾಯಿತೆಂದು ಒಂದು. ಮೂರನೆಯದು ನಮ್ಮ ತಪ್ಪು, ಮುಂದಿನ ಮುದ್ರಣದಲ್ಲಿ ತಿದ್ದಿಕೊಂಡೆವು. ಮೊದಲೆರಡು ಲೇಖಕರ ತಪ್ಪೂ ಅಲ್ಲ, ಪುಸ್ತಕದ ತಪ್ಪೂ ಅಲ್ಲ. ಲೇಖಕರ ಹೆಸರಿನ ಪಕ್ಕದಲ್ಲಿ ಮಾತ್ರ ಎಲ್ಲವೂ ಕೂಡಿ ಒಂದೇ ಸರಾಸರಿಯಾಗಿ ನಿಂತಿದೆ.

ಎಣಿಕೆಯವ

ಅಚ್ಚುಮೊಳೆ ಅವರ ಆತಂಕವನ್ನು ಲೆಕ್ಕದಲ್ಲಿ ಇಟ್ಟು ನೋಡಬಹುದು. ಒಂದು ಪುಸ್ತಕಕ್ಕೆ ಎಂಟು ರೇಟಿಂಗ್ ಬಂದು ಸರಾಸರಿ 4.50 ಇದೆ ಎನ್ನೋಣ. ಒಂಬತ್ತನೆಯವರು ಮೂರು ಕೊಟ್ಟರೆ ಅದು 4.33ಕ್ಕೆ ಇಳಿಯುತ್ತದೆ. ಅದೇ 4.50 ಸರಾಸರಿ ಎಂಟುನೂರು ರೇಟಿಂಗ್‌ಗಳಿಂದ ಬಂದಿದ್ದರೆ ಇನ್ನೊಂದು ಮೂರು ಸೇರಿದರೂ ತೋರುವ ಅಂಕಿ 4.50 ಆಗಿಯೇ ಇರುತ್ತದೆ. ಒಬ್ಬರದೇ ಕೈ, ಒಂದೇ ಮೂರು. ಆದರೆ ಸಣ್ಣ ತಕ್ಕಡಿಯಲ್ಲಿ ಅದರ ಭಾರ ಬೇರೆ. ಇಂಗ್ಲಿಷ್‌ನ ಜನಪ್ರಿಯ ಪುಸ್ತಕಗಳಿಗೆ ಕೊಡುವ ರೇಟಿಂಗ್‌ಗೂ ಕನ್ನಡದ ಪುಸ್ತಕಕ್ಕೆ ಕೊಡುವುದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನನ್ನ ಭಾವನೆ.

ಹಾಗೆಂದು ಎಲ್ಲರೂ ಐದು ಕೊಡತೊಡಗಿದರೆ ಅಳತೆಯೇ ಸತ್ತುಹೋಗುತ್ತದೆ. ಯೂಟ್ಯೂಬ್‌ನಲ್ಲಿ ಆಗಿದ್ದು ಅದೇ. ಅಲ್ಲಿ ಬಂದ ರೇಟಿಂಗ್‌ಗಳಲ್ಲಿ ಬಹುಪಾಲು ಐದಾಗಿದ್ದವು, ನಡುವಿನ ಎರಡು, ಮೂರು, ನಾಲ್ಕನ್ನು ಜನ ಬಳಸುತ್ತಲೇ ಇರಲಿಲ್ಲ ಎಂದು ಆ ಸಂಸ್ಥೆಯೇ 2009ರಲ್ಲಿ ಹೇಳಿಕೊಂಡು, ಮರುವರ್ಷ ಸ್ಟಾರ್ ಕೈಬಿಟ್ಟು, ಇಷ್ಟವಾದರೆ ಮೇಲಕ್ಕೆ, ಇಲ್ಲದಿದ್ದರೆ ಕೆಳಕ್ಕೆ ತೋರುವ ಹೆಬ್ಬೆರಳಿನ ಚಿಹ್ನೆಗೆ ಹೋಯಿತು. ನೆಟ್‌ಫ್ಲಿಕ್ಸ್ 2017ರಲ್ಲಿ ಅದನ್ನೇ ಮಾಡಿತು. ತುಂಗಾತೀರದ ಓದುಗಿ ಅವರಂತೆ ಮೂರನ್ನೂ ನಾಲ್ಕನ್ನೂ ಯೋಚಿಸಿ ಬಳಸುವವರು ಇರುವುದರಿಂದಲೇ ಪುಸ್ತಕಗಳಲ್ಲಿ ಈ ಅಳತೆಗೆ ಇನ್ನೂ ಸ್ವಲ್ಪ ಜೀವವಿದೆ.

ತುಂಗಾತೀರದ ಓದುಗಿ

ಅಚ್ಚುಮೊಳೆ ಅವರೇ, ಬರಹವಿಲ್ಲದೆ ಸ್ಟಾರ್ ಇಟ್ಟದ್ದು ನನ್ನ ತಪ್ಪು. ನನ್ನ ಕ್ರಮವನ್ನು ನಾನೇ ಮುರಿದೆ. ಇನ್ನು ಮುಂದೆ ಕನ್ನಡದ ಪುಸ್ತಕಕ್ಕೆ ಬರಹವಿಲ್ಲದೆ ಸ್ಟಾರ್ ಕೊಡುವುದಿಲ್ಲ. ಆದರೆ ರೇಟಿಂಗ್ ಕಡಿಮೆ ಇವೆ ಎಂಬ ಕಾರಣಕ್ಕೆ ಮೂರನ್ನು ನಾಲ್ಕು ಮಾಡಲು ನನ್ನಿಂದಾಗದು. ಹಾಗೆ ಮಾಡಿದರೆ ಮುಂದೆ ಅದೇ ಲೇಖಕಿ ನಾಲ್ಕಕ್ಕೆ ಅರ್ಹವಾದ ಸಂಕಲನವನ್ನು ತಂದಾಗ, ಮೊದಲನೆಯದಕ್ಕಿಂತ ಇದು ಮೇಲೆಂದು ಹೇಳಲು ನನ್ನ ಬಳಿ ಏನು ಉಳಿದಿರುತ್ತದೆ?

ಸಂಕಲನವನ್ನು ಮತ್ತೊಮ್ಮೆ ಓದಿ ಬರೆಯುತ್ತೇನೆ. ಸ್ವಲ್ಪ ಸಮಯ ಕೊಡಿ.

ಎರಡು ದಡ

ನಾನು ಕನ್ನಡದಿಂದ ಇಂಗ್ಲಿಷ್‌ಗೆ ಅನುವಾದ ಮಾಡುವವಳು. ಇಲ್ಲಿ ಯಾರೂ ಎತ್ತದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಗುಡ್‌ರೀಡ್ಸ್‌ನಲ್ಲಿ ಒಂದು ಕೃತಿಯ ಎಲ್ಲ ಮುದ್ರಣಗಳನ್ನೂ ಎಲ್ಲ ಭಾಷೆಗಳ ಅನುವಾದಗಳನ್ನೂ ಒಟ್ಟು ಸೇರಿಸಿ ಒಂದೇ ಸರಾಸರಿ ತೋರಿಸುತ್ತಾರೆ. ಅನಂತಮೂರ್ತಿಯವರ ‘ಸಂಸ್ಕಾರ’ 1965ರದು, ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರದು. ಶಿವಮೊಗ್ಗದಲ್ಲಿ ಕುಳಿತು ಕನ್ನಡದಲ್ಲಿ ಓದಿದವರ ನಾಲ್ಕೂ ಎಲ್ಲೋ ವಿದೇಶದ ವಿಶ್ವವಿದ್ಯಾಲಯದಲ್ಲಿ ಪಠ್ಯವಾಗಿ ಇಂಗ್ಲಿಷ್‌ನಲ್ಲಿ ಓದಿದವರ ಎರಡೂ ಒಂದೇ ಪಾತ್ರೆಗೆ ಬೀಳುತ್ತವೆ. ಆ ಎರಡು ಯಾರಿಗೆ ಸಲ್ಲಬೇಕು? ಲೇಖಕರಿಗೋ, ಅನುವಾದಕರಿಗೋ, ಅಗ್ರಹಾರದ ಆಚಾರಗಳನ್ನು ವಿವರಿಸದೆ ಪಠ್ಯ ಮುಗಿಸಿದ ಮೇಷ್ಟರಿಗೋ?

ನನ್ನ ಅನುವಾದವೊಂದಕ್ಕೆ ಎರಡು ಸ್ಟಾರ್ ಕೊಟ್ಟ ಓದುಗರೊಬ್ಬರು ‘ಭಾಷೆ ಸೊರಗಿದೆ’ ಎಂದು ಬರೆದಿದ್ದರು. ಅದು ನನಗೆ ಸಲ್ಲಬೇಕಾದ ಮಾತು. ಮೂಲದಲ್ಲಿ ಆ ಭಾಷೆ ಮಳೆಗಾಲದ ಹೊಳೆಯಂತಿದೆ. ಅಂಕಿ ಮಾತ್ರ ಮೂಲ ಲೇಖಕರ ತಲೆಯ ಮೇಲೆ ಕುಳಿತಿತು. ಹಲವು ದಿನ ಅದು ನನ್ನನ್ನು ಕಾಡಿತು. ಆದ್ದರಿಂದ ವಿಮರ್ಶಕರಲ್ಲಿ ನನ್ನದೊಂದು ಕೋರಿಕೆ: ಯಾವ ಭಾಷೆಯಲ್ಲಿ, ಯಾರ ಅನುವಾದದಲ್ಲಿ ಓದಿದಿರೆಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ.

ಹಳೆಯ ಕಪಾಟು

ನನಗೆ ಎಪ್ಪತ್ತೊಂದು ವರ್ಷ. ನಾನು ಯಾವ ಪುಸ್ತಕಕ್ಕೂ ಸ್ಟಾರ್ ಕೊಟ್ಟವನಲ್ಲ. ಮೆಚ್ಚಿದ ಕಡೆ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯುವುದು ನನ್ನ ಪದ್ಧತಿ. ಆದರೂ ಈ ಚರ್ಚೆ ನನಗೆ ಮುಖ್ಯವೆನಿಸಿದೆ, ಏಕೆಂದರೆ ಸ್ಟಾರ್ ಕೊಡುವುದು ಮೊಬೈಲ್ ಕಾಲದ ಚಪಲ ಎಂದು ನನ್ನ ವಯಸ್ಸಿನವರು ಸುಲಭವಾಗಿ ತಳ್ಳಿಹಾಕುತ್ತಾರೆ. ಅದು ಸರಿಯಲ್ಲ.

ಅಮೆರಿಕದಲ್ಲಿ ಎಡ್ವರ್ಡ್ ಓಬ್ರಿಯನ್ ಎಂಬ ಸಂಪಾದಕರು 1915ರಿಂದ ಆ ದೇಶದ ಅತ್ಯುತ್ತಮ ಸಣ್ಣಕತೆಗಳ ವಾರ್ಷಿಕ ಸಂಪುಟವನ್ನು ತರತೊಡಗಿದರು. ವರ್ಷವಿಡೀ ಪತ್ರಿಕೆಗಳಲ್ಲಿ ಬಂದ ಕತೆಗಳನ್ನು ಓದಿ, ಅವುಗಳ ಪಟ್ಟಿ ಮಾಡಿ, ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕುತ್ತಿದ್ದರು. ಅವರ ಅಳತೆಗೆ ಸ್ಪಷ್ಟವಾದ ಅರ್ಥವಿತ್ತು. ಅವರು ಇಟ್ಟುಕೊಂಡದ್ದು ಎರಡು ಪರೀಕ್ಷೆಗಳನ್ನು: ಒಂದು ಕತೆಯ ಸತ್ವದ್ದು, ಇನ್ನೊಂದು ರೂಪದ್ದು. ಎರಡರಲ್ಲೂ ನಿಲ್ಲದ ಕತೆಗೆ ಗುರುತಿಲ್ಲ. ಯಾವುದಾದರೂ ಒಂದರಲ್ಲಿ ನಿಂತರೆ ಒಂದು ನಕ್ಷತ್ರ. ಎರಡರಲ್ಲೂ ನಿಂತರೆ ಎರಡು. ಸತ್ವವೂ ರೂಪವೂ ಬೆಸೆದು, ಸಾಹಿತ್ಯದಲ್ಲಿ ಉಳಿಯುವಂತಹದೆನಿಸಿದರೆ ಮೂರು. ಸಿನಿಮಾಗಳಿಗೆ ನ್ಯೂಯಾರ್ಕಿನ ಪತ್ರಿಕೆಯೊಂದು ಸ್ಟಾರ್ ಕೊಡಲು ಆರಂಭಿಸಿದ್ದು 1928ರಲ್ಲಿ. ಅಂದರೆ ಸಣ್ಣಕತೆಗೆ ನಕ್ಷತ್ರ ಬಂದು ಹದಿಮೂರು ವರ್ಷಗಳಾದ ಮೇಲೆ.

ಓಬ್ರಿಯನ್ ಅವರ ಅಳತೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಇದು. ಅಲ್ಲಿ ಒಂದು ನಕ್ಷತ್ರವೂ ಮನ್ನಣೆಯೇ. ಈಗಿನ ಐದರ ಅಳತೆಯಲ್ಲಿ ಒಂದು ಎಂದರೆ ಶಿಕ್ಷೆ. ಸೊನ್ನೆಯಿಂದ ಮೇಲಕ್ಕೆ ಏರುವ ಅಳತೆ ಅದು, ಐದರಿಂದ ಕೆಳಕ್ಕೆ ಕಳೆಯುತ್ತ ಬರುವ ಅಳತೆ ಇದು.

ನಮ್ಮಲ್ಲಿಯೂ ಗುಣದೋಷಗಳನ್ನು ತೂಗುವ ಅಭ್ಯಾಸ ಹಳೆಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ನಿರ್ಣಯಕ್ಕೆ ಮೀಸಲಾಗಿದೆ. ಆದರೆ ಅಲ್ಲಿ ದೋಷಕ್ಕೆ ಹೆಸರಿದೆ, ಉದಾಹರಣೆಯಿದೆ, ಅದನ್ನು ತಿದ್ದುವ ದಾರಿಯೂ ಇದೆ. ಅಂಕಿಯೊಂದಿಲ್ಲ. ಹೆಸರಿಲ್ಲದ ದೋಷವನ್ನು ಅಂಕಿಯಲ್ಲಿ ಕಳೆದರೆ ಬರೆದವರಿಗೆ ಅದರಿಂದ ದಕ್ಕುವುದೇನು? ತಾವು ಕೊಟ್ಟ ಮೂರರಲ್ಲಿ ಕಳೆದುಹೋದ ಎರಡು ಸತ್ವದ್ದೋ ರೂಪದ್ದೋ, ತಾಯಿ?

ಮೊದಲ ಸಾಲು

ನಾನು ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹಿರಿಯರ ನಡುವೆ ಬರೆಯಲು ಅಳುಕಾಗುತ್ತಿದೆ, ಆದರೂ ಕೇಳುತ್ತೇನೆ. ಪಿಯುಸಿ ಪರೀಕ್ಷೆಯ ವರ್ಷ ನಮ್ಮ ಅಜ್ಜಿ ತೀರಿಕೊಂಡರು. ಆಗ ಒಂದು ಕಾದಂಬರಿಯನ್ನು ನಾಲ್ಕು ಸಲ ಓದಿದೆ. ಅದರಲ್ಲಿ ಅಜ್ಜಿಯೊಬ್ಬರು ಹಿತ್ತಿಲಿನಲ್ಲಿ ಹೂ ಕಟ್ಟುತ್ತ ಕೂರುವ ಒಂದೇ ಒಂದು ಪುಟವಿದೆ. ಅದಕ್ಕೆ ಐದು ಸ್ಟಾರ್ ಕೊಟ್ಟಿದ್ದೇನೆ. ಈಗ ಕಾಲೇಜಿನಲ್ಲಿ ವಿಮರ್ಶೆ ಕಲಿಯುತ್ತಿರುವಾಗ ಆ ಕಾದಂಬರಿಯ ಕತೆ ಎಷ್ಟು ಸಡಿಲವಾಗಿದೆ ಎಂಬುದು ಕಾಣುತ್ತಿದೆ. ಆ ಐದನ್ನು ತೆಗೆದು ಮೂರು ಮಾಡಬೇಕೇ? ಹಾಗೆ ಮಾಡಲು ಕೈ ಬರುತ್ತಿಲ್ಲ. ಹಾಗೆಯೇ ಬಿಟ್ಟರೆ ಸುಳ್ಳು ಹೇಳಿದಂತೆ ಅನ್ನಿಸುತ್ತಿದೆ.

ತುಂಗಾತೀರದ ಓದುಗಿ

ಮೊದಲಿಗೆ ‘ಮೊದಲ ಸಾಲು’ ಅವರಿಗೆ. ತೆಗೆಯಬೇಡಮ್ಮ. ಆ ಐದು ಸುಳ್ಳಲ್ಲ. ನಿಮ್ಮ ಬದುಕಿನ ಒಂದು ವರ್ಷದಲ್ಲಿ ಆ ಪುಸ್ತಕ ನಿಮಗೆ ಏನಾಗಿತ್ತೋ ಅದರ ಲೆಕ್ಕ ಅದು. ಅದರ ಕೆಳಗೆ ಎರಡು ಸಾಲು ಬರೆಯಿರಿ: ಯಾವಾಗ ಓದಿದಿರಿ, ಯಾವ ಪುಟಕ್ಕಾಗಿ ಓದಿದಿರಿ, ಈಗ ಓದುವಾಗ ಏನು ಸಡಿಲವೆನಿಸುತ್ತಿದೆ ಎಂದು. ಆ ಎರಡು ಸಾಲು ಓದಿದ ಇನ್ನೊಬ್ಬರು, ಅಜ್ಜಿಯನ್ನು ಕಳೆದುಕೊಂಡವರಾಗಿದ್ದರೆ, ಕತೆ ಸಡಿಲವೆಂದು ತಿಳಿದೂ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ. ಅಚ್ಚುಕಟ್ಟಾದ ಕತೆ ಹುಡುಕುವವರು ಬಿಡುತ್ತಾರೆ. ಇಬ್ಬರಿಗೂ ನಿಮ್ಮಿಂದ ಉಪಕಾರವಾಗುತ್ತದೆ.

ನನ್ನದೂ ಒಂದು ಅನುಭವವಿದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೂಡುಕುಟುಂಬದ ಕಾದಂಬರಿಯೊಂದನ್ನು ಓದಿ, ಅದರಲ್ಲಿನ ಅತ್ತೆಯ ಪಾತ್ರ ಅತಿಯಾಯಿತೆಂದು ಎರಡು ಸ್ಟಾರ್ ಕೊಟ್ಟಿದ್ದೆ. ಹಲವು ವರ್ಷಗಳಾದ ಮೇಲೆ ಮತ್ತೆ ಓದಿದಾಗ ಆ ಅತ್ತೆ ಮಾತನಾಡುವ ಕಡೆಗಳಲ್ಲೆಲ್ಲ, ಅವಳು ಹೇಳದೆ ನುಂಗಿಕೊಂಡದ್ದು ಏನೆಂಬುದು ಕೇಳಿಸತೊಡಗಿತು. ಲೇಖಕರು ಅದನ್ನು ಮೊದಲಿನಿಂದಲೂ ಅಲ್ಲಿಯೇ ಇಟ್ಟಿದ್ದರು. ನನ್ನ ಕಿವಿ ಅಲ್ಲಿಗೆ ತಲುಪಿರಲಿಲ್ಲ. ನಾಲ್ಕು ಕೊಟ್ಟೆ. ಹಳೆಯ ಬರಹವನ್ನು ಅಳಿಸಲಿಲ್ಲ. ಅದರ ಕೆಳಗೆ ದಿನಾಂಕ ಹಾಕಿ ಹೊಸದನ್ನು ಸೇರಿಸಿದೆ. ಗುಡ್‌ರೀಡ್ಸ್‌ನಲ್ಲಿ ಒಬ್ಬರ ಒಂದು ರೇಟಿಂಗ್ ಮಾತ್ರ ಕಾಣುವುದರಿಂದ ಹಳೆಯ ಎರಡನ್ನು ಬರಹದೊಳಗೇ ಬರೆದಿಟ್ಟಿದ್ದೇನೆ.

ಎರಡು ದಡ ಅವರೇ, ತಮ್ಮ ಕೋರಿಕೆಯನ್ನು ಇಂದಿನಿಂದಲೇ ಪಾಲಿಸುತ್ತೇನೆ. ಇಷ್ಟು ವರ್ಷ ಅನುವಾದಗಳನ್ನು ಓದಿಯೂ ನನಗೆ ಇದು ಹೊಳೆದಿರಲಿಲ್ಲ ಎಂಬುದು ನೋವಿನ ವಿಷಯ. ಎರಡೂ ಭಾಷೆ ಬಲ್ಲವಳಾಗಿ ನಾನು ಮೂಲವನ್ನೂ ಅನುವಾದವನ್ನೂ ಪ್ರತ್ಯೇಕವಾಗಿ ತೂಗಬೇಕಾದವಳು.

ಇನ್ನು ಹಳೆಯ ಕಪಾಟು ಅವರ ಪ್ರಶ್ನೆ. ಸರ್, ಆ ಪ್ರಶ್ನೆ ನನ್ನನ್ನು ಮೂರು ದಿನ ಹಿಡಿದಿಟ್ಟಿತು. ಸತ್ವ, ರೂಪ ಎಂಬ ಎರಡು ಪರೀಕ್ಷೆಗಳನ್ನು ಇಟ್ಟುಕೊಂಡು ನಾನು ಮೂರು ಕೊಟ್ಟ ಪುಸ್ತಕಗಳ ಪಟ್ಟಿಯನ್ನು ಮತ್ತೆ ನೋಡಿದೆ. ಅವುಗಳಲ್ಲಿ ಎರಡು ಬಗೆಯವು ಸ್ಪಷ್ಟವಾಗಿ ಬೇರೆಬೇರೆಯಾಗಿ ಕಂಡವು. ಒಂದು ಬಗೆಯವು ಕಸುಬು ಚೆನ್ನಾಗಿ ಬಲ್ಲವರು ಬರೆದವು. ಎಲ್ಲಿಯೂ ಎಡವುವುದಿಲ್ಲ, ಸಂಭಾಷಣೆ ಸಹಜ, ಅಧ್ಯಾಯಗಳು ಅಳತೆಗೆ ತಕ್ಕಂತಿವೆ, ಆದರೆ ಓದಿದ ವಾರಕ್ಕೆ ಒಂದು ಮುಖವೂ ನೆನಪಿನಲ್ಲಿ ಉಳಿಯಲಿಲ್ಲ. ಇನ್ನೊಂದು ಬಗೆಯವು ಬಿಗಿಯಿಲ್ಲದೆ ಬರೆದವು. ನಿರೂಪಣೆ ನಡುನಡುವೆ ದಾರಿ ತಪ್ಪುತ್ತದೆ, ಒಂದೇ ವಿಷಯವನ್ನು ಎರಡು ಸಲ ಹೇಳುತ್ತದೆ, ಆದರೆ ಅದರೊಳಗಿನ ಒಂದು ದೃಶ್ಯವನ್ನು ನಾನು ಸಾಯುವವರೆಗೂ ಮರೆಯಲಾರೆ. ಇವೆರಡಕ್ಕೂ ನಾನು ಒಂದೇ ಮೂರನ್ನು ಕೊಡುತ್ತ ಬಂದಿದ್ದೇನೆ. ಇದು ನನಗೆ ಈಗ ಸರಿ ಕಾಣುತ್ತಿಲ್ಲ.

ಆದರೆ ಎರಡನೆಯ ಬಗೆಯದಕ್ಕೆ ಹೆಚ್ಚು ಕೊಟ್ಟರೆ, ಬಿಗಿಯಾಗಿ ಬರೆಯಲು ವರ್ಷಗಟ್ಟಲೆ ದುಡಿದವರ ಶ್ರಮಕ್ಕೆ ಬೆಲೆ ಎಲ್ಲಿ? ಕೊಡದಿದ್ದರೆ ಆ ಮರೆಯಲಾಗದ ದೃಶ್ಯಕ್ಕೆ ನಾನು ಏನು ಕೊಟ್ಟಂತಾಯಿತು? ಅರ್ಧ ಸ್ಟಾರ್ ಇದ್ದರೆ ಪರಿಹಾರವಾಗುತ್ತದೆ ಎಂದು ಹಿಂದೆ ಭಾವಿಸಿದ್ದೆ. ಗುಡ್‌ರೀಡ್ಸ್‌ನಲ್ಲಿ ಅದು ಇಲ್ಲ. ಅಂತಹವೇ ಬೇರೆ ತಾಣಗಳಾದ ಲೈಬ್ರರಿಥಿಂಗ್‌ನಲ್ಲಿ ಅರ್ಧ ಕೊಡಬಹುದು, ಸ್ಟೋರಿಗ್ರಾಫ್‌ನಲ್ಲಿ ಕಾಲು ಸ್ಟಾರ್‌ವರೆಗೂ ಹೋಗಬಹುದು. ಆದರೆ ಮೂರೂಕಾಲು ಎಂದರೂ ಈ ಎರಡು ಬಗೆಯ ಪುಸ್ತಕಗಳ ವ್ಯತ್ಯಾಸವನ್ನು ಅದು ಹೇಳುವುದಿಲ್ಲ. ವ್ಯತ್ಯಾಸವಿರುವುದು ಹೆಚ್ಚು ಕಡಿಮೆಯಲ್ಲಿ ಅಲ್ಲ, ಬಗೆಯಲ್ಲಿ. ಸದ್ಯಕ್ಕೆ ಹೀಗೆ ಮಾಡಲು ಯೋಚಿಸಿದ್ದೇನೆ: ಮೂರು ಕೊಟ್ಟಾಗಲೆಲ್ಲ ಬರಹದ ಆರಂಭದಲ್ಲಿಯೇ, ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳುವುದು.

ಬಯಲುಸೀಮೆ

ರೇಟಿಂಗ್ ಇಳಿಯುವುದು ಯಾವಾಗಲೂ ಪುಸ್ತಕದ ಕೊರತೆಯಿಂದಲ್ಲ ಎಂಬುದಕ್ಕೆ ಒಂದು ಅಧ್ಯಯನದ ಆಧಾರವಿದೆ. ಬಲಾಜ್ ಕೊವಾಚ್ ಮತ್ತು ಅಮಾಂಡಾ ಶಾರ್ಕಿ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದು. ದೊಡ್ಡ ಪ್ರಶಸ್ತಿ ಗೆದ್ದ ಇಂಗ್ಲಿಷ್ ಪುಸ್ತಕಗಳನ್ನೂ ಅಂತಿಮ ಪಟ್ಟಿಗೆ ಬಂದು ಗೆಲ್ಲದವನ್ನೂ ಹೋಲಿಸಿ, ಒಟ್ಟು 64 ಪುಸ್ತಕಗಳಿಗೆ ಗುಡ್‌ರೀಡ್ಸ್‌ನಲ್ಲಿ ಬಂದ ಮೂವತ್ತೆಂಟು ಸಾವಿರಕ್ಕೂ ಹೆಚ್ಚು ವಿಮರ್ಶೆಗಳನ್ನು ಅವರು ಪರಿಶೀಲಿಸಿದರು. ಪ್ರಶಸ್ತಿ ಬಂದ ಮೇಲೆ ಗೆದ್ದ ಪುಸ್ತಕಗಳ ರೇಟಿಂಗ್ ಹೆಚ್ಚು ಇಳಿದಿತ್ತು. ಪ್ರಶಸ್ತಿಯ ಸುದ್ದಿ ಕೇಳಿ, ಸಾಮಾನ್ಯವಾಗಿ ಆ ಬಗೆಯ ಪುಸ್ತಕಗಳನ್ನು ಓದದವರೂ ಅವನ್ನು ಕೈಗೆತ್ತಿಕೊಂಡದ್ದು ಅವರು ಕಂಡುಕೊಂಡ ಮುಖ್ಯ ಕಾರಣಗಳಲ್ಲೊಂದು. ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಮನೆಯಲ್ಲಿ ಸಣ್ಣಕತೆಯನ್ನೇ ಓದದವರು ಕೂಡ ಪುಸ್ತಕ ಕೊಂಡರು. ಅದು ಬಹಳ ಸಂತೋಷದ ಸಂಗತಿ. ಅವರಲ್ಲಿ ಯಾರಾದರೂ ಎರಡು ಸ್ಟಾರ್ ಕೊಟ್ಟರೆ ಅದನ್ನು ಹೊಸ ಓದುಗರೊಬ್ಬರು ಬಾಗಿಲಲ್ಲಿ ನಿಂತಿದ್ದಾರೆಂದು ಓದಿಕೊಳ್ಳಬೇಕು.

ಓದದೆಯೇ ಕೊಡುವ ಸ್ಟಾರ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ಅವರು 2023ರ ಜೂನ್‌ನಲ್ಲಿ ರಷ್ಯಾದ ಹಿನ್ನೆಲೆಯ ಕಾದಂಬರಿಯೊಂದನ್ನು ಪ್ರಕಟಿಸುವುದಾಗಿ ಹೇಳಿದಾಗ, ಪುಸ್ತಕ ಯಾರ ಕೈಗೂ ಬರುವ ಮೊದಲೇ ನೂರಾರು ಒಂದು ಸ್ಟಾರ್‌ಗಳು ಬಿದ್ದವು. ಅವರು ಪ್ರಕಟಣೆಯನ್ನೇ ಮುಂದೂಡಿದರು. ಯುದ್ಧದ ನೋವಿನಲ್ಲಿದ್ದ ಉಕ್ರೇನಿನ ಓದುಗರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಓದದ ಪುಸ್ತಕಕ್ಕೆ ಸ್ಟಾರ್ ಕೊಡುವುದನ್ನು ನಾನು ಒಪ್ಪಲಾರೆ. ಗೆಳೆಯರ ಪುಸ್ತಕಕ್ಕೆ ಬಿಡುಗಡೆಯ ದಿನವೇ, ಪುಟ ತೆರೆಯದೆ ಐದು ಕೊಡುವ ನಮ್ಮ ರೂಢಿಯನ್ನೂ ಇದರ ಜೊತೆಗೇ ಇಟ್ಟು ನೋಡಬೇಕು.

ಅಚ್ಚುಮೊಳೆ

ಬಯಲುಸೀಮೆ ಅವರ ಕೊನೆಯ ಮಾತು ನಮಗೂ ತಾಗಿತು. ತುಂಗಾತೀರದ ಓದುಗಿ ಅವರು ಮೂರು ಕೊಟ್ಟ ಸಂಕಲನಕ್ಕೆ ಇರುವ ಐದುಗಳಲ್ಲಿ ಎರಡು ನಮ್ಮ ಬಳಗದವರದು. ಪುಸ್ತಕ ಅಚ್ಚಿನ ಮನೆಯಿಂದ ಬರುವ ಮೊದಲೇ ಅವನ್ನು ಹಾಕಿದ್ದರು. ಪ್ರೀತಿಯಿಂದಲೇ ಹಾಕಿದರು. ಓದಿ ಮುಗಿಸುವವರೆಗೆ ತೆಗೆದಿಡಲು ಅವರಿಗೆ ಹೇಳಿದ್ದೇನೆ. ಒಬ್ಬರು ಈಗಾಗಲೇ ತೆಗೆದಿದ್ದಾರೆ.

ತುಂಗಾತೀರದ ಓದುಗಿ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಸಂಕಲನವನ್ನು ಮತ್ತೆ ಓದಿದೆ, ಈ ಸಲ ದಿನಕ್ಕೆ ಒಂದೇ ಕತೆಯಂತೆ. ಮೂರು ಸ್ಟಾರ್ ಹಾಗೆಯೇ ಉಳಿದಿದೆ. ಅದರ ಕೆಳಗೆ ಸುಮಾರು ಆರುನೂರು ಪದಗಳ ಬರಹ ಹಾಕಿದ್ದೇನೆ. ಮೊದಲ ವಾಕ್ಯದಲ್ಲಿಯೇ, ಸತ್ವ ನಿಂತಿದೆ, ರೂಪ ಇನ್ನೂ ನಿಲ್ಲಬೇಕು ಎಂದು ಹೇಳಿದ್ದೇನೆ. ಒಂಬತ್ತು ಕತೆಗಳಲ್ಲಿ ನಾಲ್ಕು ತಮ್ಮ ಕೊನೆಯನ್ನು ತಾವೇ ವಿವರಿಸಲು ಹೋಗಿ ಸೊರಗಿವೆ. ಯಾವ ಪ್ಯಾರಾದಲ್ಲಿ ನಿಲ್ಲಿಸಿದ್ದರೆ ಸಾಕಿತ್ತೆಂಬುದನ್ನು ಪುಟಸಂಖ್ಯೆ ಸಮೇತ ಸೂಚಿಸಿದ್ದೇನೆ. ಮೂರನೆಯ ಕತೆಯಲ್ಲಿ ಬೇಸಿಗೆಯ ಮಧ್ಯಾಹ್ನ ಇಬ್ಬರು ವಾರಗಿತ್ತಿಯರು ಮಾತು ಬಿಟ್ಟಿದ್ದರೂ ಒಂದೇ ಹಗ್ಗ ಹಿಡಿದು ಬಾವಿಯಿಂದ ನೀರು ಸೇದುವ ದೃಶ್ಯವಿದೆ. ಹಗ್ಗ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗುವ ರೀತಿಯಲ್ಲಿಯೇ ಅವರ ಜಗಳದ ಇಡೀ ಇತಿಹಾಸ ತಿಳಿಯುತ್ತದೆ. ಆ ಪುಟಕ್ಕೆ ಐದಲ್ಲ, ಎಷ್ಟಿದ್ದರೂ ಕೊಡುತ್ತಿದ್ದೆ. ಅದನ್ನೂ ಬರೆದಿದ್ದೇನೆ. ಒಂದು ಮಾತ್ರ ನನಗೆ ತಿಳಿಯಲಿಲ್ಲ: ಅಷ್ಟು ತಾಳ್ಮೆಯಿಂದ ಬೆಳೆದ ಆ ದೃಶ್ಯ ಒಮ್ಮೆಲೇ ಕತ್ತರಿಸಿದಂತೆ ಏಕೆ ನಿಲ್ಲುತ್ತದೆ?

ಅಚ್ಚುಮೊಳೆ

ಮೇಡಂ, ತಮ್ಮ ಬರಹವನ್ನು ಕತೆಗಾರ್ತಿಗೆ ಕಳುಹಿಸಿದೆ. ಅವರು ಈ ತಾಣಗಳನ್ನು ನೋಡುವವರಲ್ಲ. ಕೊನೆಯ ಪ್ಯಾರಾಗಳ ಬಗ್ಗೆ ತಾವು ಬರೆದದ್ದರಲ್ಲಿ ಎರಡನ್ನು ಒಪ್ಪಿದರು, ಎರಡನ್ನು ಒಪ್ಪಲಿಲ್ಲ. ಬಾವಿಯ ದೃಶ್ಯದ ಬಗ್ಗೆ ಮಾತ್ರ ನಾನು ಉತ್ತರ ಹೇಳಬೇಕಾಗಿದೆ. ಹಸ್ತಪ್ರತಿಯಲ್ಲಿ ಅದು ಇನ್ನೂ ಎರಡು ಪುಟ ಮುಂದುವರಿದಿತ್ತು. ಪುಸ್ತಕ ನಿಗದಿಯಾದ ಪುಟಗಳಿಗೆ ಹೊಂದಬೇಕೆಂದು ಕರಡು ತಿದ್ದುವ ಹಂತದಲ್ಲಿ ತೆಗೆಸಿದವನು ನಾನೇ.

ತುಂಗಾತೀರದ ಓದುಗಿ

ಆ ಎರಡು ಪುಟಗಳು ತಮ್ಮ ಬಳಿ ಇವೆಯೇ? ಎರಡನೆಯ ಮುದ್ರಣಕ್ಕೆ ಸೇರಿಸುವುದಾದರೆ ನಾನು ಆ ಮುದ್ರಣವನ್ನು ಕೊಂಡು, ಓದಿ, ಹೊಸ ದಿನಾಂಕ ಹಾಕಿ ಮತ್ತೆ ಬರೆಯುತ್ತೇನೆ.